ಈಶಾನ್ಯದ ಕಂಬ

ಜಲ್ಲಿ ತುಂಬಿದ ಲಾರಿ ಮನೆಯ ಮುಂದೆ ಹಾದುಹೋಯಿತು. ಗೋಡೆಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ್ದ ಗೊಂಬೆಗಳೆಲ್ಲ ತಲೆಯಾಡಿಸತೊಡಗಿದವು. ಟೀ ಲೋಟವನ್ನು ಬಾಯಿಗೆ ಒಯ್ಯುತ್ತಿದ್ದ ಹಿನಾಳ ಕೈ ಅಲ್ಲೇ ನಿಂತಿತು.

ಅವು ಕುತ್ತಿಗೆಗೆ ಸ್ಪ್ರಿಂಗ್ ಹಾಕಿದ ಗೊಂಬೆಗಳು. ಹಾಲೆ ಮರದ ಮೈ, ಅರಗಿನ ಬಣ್ಣ. ಒಂದಕ್ಕೆ ಪೇಟ, ಒಂದಕ್ಕೆ ಮುಡಿ, ಒಂದಕ್ಕೆ ಮೀಸೆ. ಚನ್ನಪಟ್ಟಣದ ಈ ಓಣಿಯಲ್ಲಿ ಅವಳ ದಾದಿ, ಅಪ್ಪನ ತಾಯಿ ಬದ್ರುನ್ನೀಸಾ, ನಲವತ್ತು ವರ್ಷದಿಂದ ಅವನ್ನು ಕಡೆಯುತ್ತಾ ಬಂದಿದ್ದಳು. ಹಿನಾ ಅವುಗಳ ನಡುವೆಯೇ ಅಂಬೆಗಾಲಿಟ್ಟವಳು, ಅವುಗಳ ನಡುವೆಯೇ ಪುಸ್ತಕ ಹರಡಿಕೊಂಡು ಓದಿ ಇಂಜಿನಿಯರ್ ಆದವಳು. ಆದರೂ ಈ ಸಂಜೆ ಯಾರೋ ಹೊಸಬರ ಮನೆಗೆ ಬಂದವಳ ಹಾಗೆ ಅವನ್ನು ನೋಡುತ್ತಾ ನಿಂತಳು.

ಉದ್ದ ಸ್ಪ್ರಿಂಗಿನ ಪೇಟದವನು ಮದುವೆ ಮನೆಯ ಹಿರಿಯನಂತೆ ನಿಧಾನವಾಗಿ ತೂಗುತ್ತಿದ್ದ. ಗಿಡ್ಡ ಸ್ಪ್ರಿಂಗಿನ ಮಗು ಗೊಂಬೆಗೆ ಎಲ್ಲಿಲ್ಲದ ಗಡಿಬಿಡಿ. ಒಬ್ಬ ಬಗ್ಗುವಾಗ ಇನ್ನೊಬ್ಬ ಏಳುತ್ತಿದ್ದ. ಎಲ್ಲ ತಲೆಗಳೂ ಒಂದೇ ಸಲ ಒಂದೇ ಕಡೆಗೆ ಬಾಗಿದ್ದು ಒಮ್ಮೆಯೂ ಇಲ್ಲ. ಹಲಗೆಯ ತುದಿಯಲ್ಲಿದ್ದ ಗಂಡು ಹೆಣ್ಣಿನ ಜೋಡಿ ಮಾತ್ರ ಬೇರೆ. ಒಂದೇ ಮಣೆಯ ಮೇಲೆ ಕೂರಿಸಿದ ಆ ಎರಡೂ ಒಟ್ಟಿಗೇ ಮುಂದಕ್ಕೆ, ಒಟ್ಟಿಗೇ ಹಿಂದಕ್ಕೆ ತೂಗಿದವು. ನಾಲ್ಕನೆಯ ಸಲ ತೂಗುವಾಗ ಮಣೆಯ ಹಿಂಬದಿ ಎದ್ದಿತು. ಹಿನಾ ಕೈ ಚಾಚುವಷ್ಟರಲ್ಲಿ ಜೋಡಿ ಮುಗ್ಗರಿಸಿ ನೆಲಕ್ಕೆ ಬಿತ್ತು.

"ಮತ್ತೆ ಬಿತ್ತಾ ಅದು?" ದಾದಿ ಲೇತಿನ ಹಿಂದಿನಿಂದ ತಲೆಯೆತ್ತದೆಯೇ ಕೇಳಿದಳು. ಆ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. "ತಪ್ಪು ನಂದೇ ಬೇಟಿ. ಜೋಡಿ ಮಾಡೋವಾಗ ಒಂದರ ಸ್ಪ್ರಿಂಗು ಎರಡು ಸುತ್ತು ಕಮ್ಮಿ ಮಾಡ್ಬೇಕು. ನನ್ನ ಅತ್ತೆ ಕಲಿಸ್ಕೊಟ್ಟಿದ್ದು. ಎರಡಕ್ಕೂ ಒಂದೇ ಅಳತೆ ಹಾಕಿದ್ರೆ ಎರಡೂ ಒಟ್ಟಿಗೇ ಬಗ್ತವೆ, ಮಣೆ ಮಗುಚ್ತದೆ. ಈ ಸಲ ಮರ್ತುಬಿಟ್ಟೆ, ನೋಡು."

ಹಿನಾ ಗೊಂಬೆ ಎತ್ತಿಕೊಂಡಳು. ಹೆಣ್ಣಿನ ಕೆನ್ನೆಯ ಅರಗು ಕಾಳಿನಷ್ಟು ಹಾರಿಹೋಗಿತ್ತು. ಅದನ್ನು ಬೆರಳಿನಿಂದ ಸವರುತ್ತಾ ಅವಳು ಯೋಚಿಸಿದ್ದು ಗೊಂಬೆಯನ್ನಲ್ಲ. ದೊಡ್ಡಮಳೂರಿನ ದಾರಿಯಲ್ಲಿ ಉಮಾಮಹೇಶ್ವರಿ ಕಟ್ಟಿಸುತ್ತಿದ್ದ ಮೂರಂತಸ್ತಿನ ಮನೆಯನ್ನು. ನಾಳೆ ಬೆಳಿಗ್ಗೆ ಒಂಬತ್ತೂಕಾಲಿಗೆ ಅದರ ಕೊನೆಯ ಮೋಲ್ಡ್, ತಾರಸಿಯ ಕಾಂಕ್ರೀಟು, ಹಾಕುವುದಿತ್ತು.

ಉಮಾಮಹೇಶ್ವರಿಗೆ ಬಸ್ ನಿಲ್ದಾಣದ ಹತ್ತಿರ ಒಂದು ಮೆಸ್ಸು. ಗಂಡ ಹೋದ ಮೇಲೆ ಹದಿನಾರು ವರ್ಷ ಇಡ್ಲಿ ಬೇಯಿಸಿ, ಅನ್ನ ಬಸಿದು, ಈಗ ಬಿಡದಿಯ ಕಾರ್ಖಾನೆಗಳಿಗೆ ಹೋಗುವ ಹುಡುಗಿಯರಿಗೆಂದು ಈ ಪಿಜಿ ಕಟ್ಟಿಸುತ್ತಿದ್ದಳು. ಕೆಳಗೆ ಗಾಡಿ ನಿಲ್ಲಿಸುವ ಜಾಗ, ಮೇಲಿನ ಎರಡು ಅಂತಸ್ತಿನಲ್ಲಿ ನಲವತ್ತು ಮಂಚ. "ಹುಡುಗೀರು ಇರೋ ಮನೆ. ಹುಡುಗೀನೇ ನಕ್ಷೆ ಬರೀಲಿ" ಎಂದು ಯಾರ ಮಾತನ್ನೂ ಕೇಳದೆ ಹಿನಾಳನ್ನು ಕರೆದಿದ್ದಳು. ಹಿನಾ ತಾನೇ ಸಹಿ ಹಾಕಿದ ಮೊದಲ ಕಟ್ಟಡ ಅದು.

ಇಂಥ ಮನೆಗಳಿಗೆ ಭೂಕಂಪದ ಲೆಕ್ಕ ಯಾರು ಹಾಕುತ್ತಾರೆ? ಕಾಲಡಿಯಲ್ಲಿ ಬಂಡೆ ಇದೆ, ಸಾಕು, ಅನ್ನುವವರೇ ಎಲ್ಲ. ಹಿನಾ ಹಾಕಿದ್ದಳು. ಕಟ್ಟಡವೊಂದು ಒಂದೇ ರೀತಿ ಅಲುಗುವುದಿಲ್ಲ. ಉದ್ದಕ್ಕೆ ತೂಗುವುದಕ್ಕೆ ಅದರದೇ ಒಂದು ತಾಳ, ಅಡ್ಡಕ್ಕೆ ಇನ್ನೊಂದು, ಒದ್ದೆ ಬಟ್ಟೆ ಹಿಂಡಿದ ಹಾಗೆ ಮೈ ತಿರುಚುವುದಕ್ಕೆ ಮತ್ತೊಂದು. ಒಂದೊಂದು ತೂಗಾಟ ಕಂಬಕ್ಕೆ ಎಷ್ಟು ಪೆಟ್ಟು ಕೊಡುತ್ತದೆಂದು ಬೇರೆ ಬೇರೆಯಾಗಿ ತೆಗೆದು, ಆಮೇಲೆ ಒಟ್ಟು ಮಾಡಬೇಕು. ಆ ಒಟ್ಟು ಮಾಡುವುದು ಬರೀ ಕೂಡುವುದಲ್ಲ. ಎಲ್ಲವೂ ಒಂದೇ ಗಳಿಗೆಯಲ್ಲಿ ತುದಿ ಮುಟ್ಟುವುದಿಲ್ಲವಾದ್ದರಿಂದ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುತ್ತಾರೆ. ಮೂರಕ್ಕೆ ನಾಲ್ಕು ಸೇರಿದರೆ ಏಳಾಗದೆ ಐದಾಗುತ್ತದೆ. ಹಿನಾ ಹಾಗೇ ಮಾಡಿದ್ದಳು. ಆಗ ಅದು ಸರಿಯೇ ಇತ್ತು.

ಪಾಯ ಮುಗಿದು ಕಂಬ ಏಳುವ ಹೊತ್ತಿಗೆ ಮಾಗಡಿಯಿಂದ ಉಮಾಮಹೇಶ್ವರಿಯ ಭಾವ ಬಂದಿದ್ದರು. ಅವರಿಗೆ ವಾಸ್ತು ಗೊತ್ತು. ನೈಋತ್ಯ ಭಾರ ಇರಬೇಕು, ಈಶಾನ್ಯ ಹಗುರ ಇರಬೇಕು ಎಂದರು. ಮೆಟ್ಟಿಲ ಮೇಲೆ, ಹೆಚ್ಚುಕಡಿಮೆ ಮನೆಯ ನಡುವಿಗೆ ಬರಬೇಕಿದ್ದ ಇಪ್ಪತ್ತು ಸಾವಿರ ಲೀಟರಿನ ನೀರಿನ ಟ್ಯಾಂಕು ನಕ್ಷೆಯಲ್ಲಿ ನೈಋತ್ಯದ ಮೂಲೆಗೆ ಹೋಯಿತು. ಈಶಾನ್ಯದ ಕಂಬ ಮೂರು ಇಂಚು ಸಣ್ಣದಾಯಿತು. ಉಮಾಮಹೇಶ್ವರಿ ಫೋನಿನಲ್ಲಿ ಕೇಳಿದಾಗ ಹಿನಾ ಕಂಪ್ಯೂಟರಿನಲ್ಲಿ ಟ್ಯಾಂಕನ್ನು ಆ ಮೂಲೆಗೆ ಸರಿಸಿ, ಕಂಬವನ್ನು ಸಣ್ಣದು ಮಾಡಿ, ಮೊದಲಿನ ರೀತಿಯಲ್ಲೇ ಒಟ್ಟು ತೆಗೆದು ನೋಡಿದ್ದಳು. ಕಂಬ ಪಾಸಾಗಿತ್ತು. "ತೂಕ ಅದೇ ತಾನೇ ಆಂಟಿ, ಇಡಬಹುದು ಬಿಡಿ" ಎಂದಿದ್ದಳು.

ಅವಳು ಈಗ ಲ್ಯಾಪ್‌ಟಾಪ್ ತೆರೆದಳು. ಒಟ್ಟು ಮೊತ್ತವನ್ನು ಬಿಟ್ಟು ಅಂದು ನೋಡದೇ ಹೋಗಿದ್ದ ಪುಟಕ್ಕೆ ಹೋದಳು. ಅಡ್ಡಕ್ಕೆ ಒಮ್ಮೆ ತೂಗಿ ಬರಲು ಕಟ್ಟಡ ತೆಗೆದುಕೊಳ್ಳುವ ಹೊತ್ತು ಒಂದು ಸೆಕೆಂಡಿನ ನೂರರಲ್ಲಿ ಅರವತ್ತೊಂದು ಪಾಲು. ತಿರುಚಲು ಮೊದಲು ನಲವತ್ತು ಪಾಲು ಇತ್ತು. ಭಾರ ಮೂಲೆಗೆ ಹೋದ ಮೇಲೆ ತಿರುಚುವುದು ನಿಧಾನವಾಗಿತ್ತು. ಐವತ್ತೆಂಟು.

ಅರವತ್ತೊಂದು, ಐವತ್ತೆಂಟು. ಒಂದೇ ಮಣೆಯ ಮೇಲಿನ ಜೋಡಿ.

ತಾಳ ಇಷ್ಟು ಹತ್ತಿರ ಬಂದಾಗ ವರ್ಗಮೂಲದ ಲೆಕ್ಕ ನಡೆಯುವುದಿಲ್ಲ; ಎರಡೂ ಒಂದಕ್ಕೊಂದು ಸಾಥ್ ಕೊಡುತ್ತವೆ. ಅದಕ್ಕೆ ಬೇರೆ ಲೆಕ್ಕವಿದೆ, ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಹೊಸ ಲೆಕ್ಕಕ್ಕೆ ಹಾಕಿ ನೋಡಿದಾಗ ಬೇರೆಲ್ಲ ಕಂಬಗಳೂ ತಡೆದುಕೊಂಡವು. ಈಶಾನ್ಯದ ಕಂಬ ಮಾತ್ರ ಪರದೆಯಲ್ಲಿ ಕೆಂಪಾಯಿತು, ಫೇಲ್.

ಅವಳು ಫೋನ್ ಕೈಗೆ ತೆಗೆದುಕೊಂಡಳು, ಕೆಳಗಿಟ್ಟಳು. ಹೇಳಿದರೆ ಮೊದಲ ಕೆಲಸದಲ್ಲೇ ಹೆಸರು ಹೋಗುತ್ತದೆ. ಚನ್ನಪಟ್ಟಣದಂಥ ಊರಿನಲ್ಲಿ ಒಮ್ಮೆ ಹೋದ ಹೆಸರು ತಿರುಗಿ ಬರುವುದಿಲ್ಲ. ಹೇಳದಿದ್ದರೆ? ಈ ಸೀಮೆಯಲ್ಲಿ ನೆಲ ಅಷ್ಟು ಅಲುಗಿದ್ದನ್ನು ದಾದಿ ಕೂಡ ಕಂಡಿಲ್ಲ.

"ಏನಾಯ್ತು ಬೇಟಿ? ಮುಖ ಯಾಕೆ ಹಂಗೆ?"

ಹಿನಾ ಹೇಳಿದಳು. ದಾದಿ ಲೇತ್ ನಿಲ್ಲಿಸಿ, ಮೂಗಿನ ಮೇಲಿನ ಮರದ ಹುಡಿ ಒರೆಸಿಕೊಂಡು ಪೂರ್ತಿ ಕೇಳಿದಳು. ಲೆಕ್ಕ ಅವಳಿಗೆ ಹತ್ತಲಿಲ್ಲ. ಮಣೆ ಮಗುಚುವುದು ಹತ್ತಿತು.

"ಮಾರಿದ ಮೇಲೆ ಗೊಂಬೆ ನನ್ನ ಕೈಲಿರಲ್ಲ" ಎಂದಳು. "ಯಾವ ಮಗೂ ಕೈಗೆ ಹೋಯ್ತೋ ಅಲ್ಲಾಹ್‌ಗೆ ಗೊತ್ತು. ಮಾರೋದಕ್ಕೆ ಮುಂಚೆ ಎಲ್ಲಾ ನನ್ನ ಕೈಲೇ ಇರ್ತದೆ. ನಾಳೆ ಎಷ್ಟು ಗಂಟೆಗೆ ಅಂದೆ?"

"ಒಂಬತ್ತೂಕಾಲು."

"ಹಂಗಾದ್ರೆ ಏಳಕ್ಕೇ ಹೋಗು. ತಗೊ, ಗೊಂಬೆನೂ ತಗೊಂಡು ಹೋಗು. ನೀನು ಬಾಯಲ್ಲಿ ಹೇಳಿದ್ದು ಯಾರಿಗೂ ತಿಳಿಯಲ್ಲ."

ಬೆಳಿಗ್ಗೆ ಹಿನಾ ಹೋಗುವಷ್ಟರಲ್ಲಿ ಕಟ್ಟಡದ ಮುಂದೆ ಕಾಂಕ್ರೀಟ್ ಮಿಶಿನ್ ಬಂದು ನಿಂತಿತ್ತು. ಜಲ್ಲಿ ರಾಶಿಯ ಪಕ್ಕದಲ್ಲಿ ಮೂರು ಕಲ್ಲು ಹೂಡಿ, ದೊಡ್ಡ ಪಾತ್ರೆಯಲ್ಲಿ ಕೇಸರಿಬಾತಿಗೆ ಎಸರಿಟ್ಟಿದ್ದರು. ಮೋಲ್ಡ್ ದಿನ ಆಳುಗಳಿಗೆ ಸಿಹಿಯೂಟ ಹಾಕದ ಮಾಲೀಕರಿಲ್ಲ. ಉಮಾಮಹೇಶ್ವರಿ ಅದನ್ನು ಬೇರೆಯವರ ಕೈಗೆ ಬಿಡುವವಳೂ ಅಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ರವೆ ಹುರಿಯುತ್ತಿದ್ದಳು.

ಮೇಸ್ತ್ರಿ ಗವಿಸಿದ್ದಯ್ಯ ಹಣೆಗೆ ವಿಭೂತಿ ಹಚ್ಚಿಕೊಂಡು, ಬೀಡಿ ಕಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಹಿನಾಳ ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆ ಕಂಡು ನಕ್ಕ. "ಬನ್ನಿ ಮೇಡಮ್ಮೋರೆ. ಏನು, ಗೊಂಬೆ ಯಾಪಾರ ಸುರು ಮಾಡ್ಕಂಡ್ರಾ?"

"ಮೇಸ್ತ್ರಿ, ಮೋಲ್ಡ್ ಇವತ್ತು ಬೇಡ."

ಗವಿಸಿದ್ದಯ್ಯ ಬೀಡಿ ತೆಗೆದ. ರವೆ ಹುರಿಯುತ್ತಿದ್ದ ಸೌಟು ನಿಂತಿತು.

"ಬೇಡ ಅಂದ್ರೆ?" ಉಮಾಮಹೇಶ್ವರಿ ಕೇಳಿದಳು. "ಇಪ್ಪತ್ತೆಂಟು ಜನ ಆಳು ಬಂದವ್ರೆ ಮಗ. ಮಿಶಿನ್ ಬಂದೈತೆ. ಗಳಿಗೆ ಇಡ್ಸಿವ್ನಿ."

"ನನ್ನ ಲೆಕ್ಕ ತಪ್ಪಾಗಿದೆ ಆಂಟಿ. ಈಶಾನ್ಯದ ಪಿಲ್ಲರ್ ಸಾಲಲ್ಲ."

ಇಷ್ಟು ಹೇಳಲು ದಾರಿಯುದ್ದಕ್ಕೂ ಹತ್ತು ಬಗೆಯಾಗಿ ಅಭ್ಯಾಸ ಮಾಡಿದ್ದಳು. ಹೇಳಿದ ಮೇಲೆ ಹತ್ತರಲ್ಲಿ ಒಂದೂ ನೆನಪಿರಲಿಲ್ಲ.

"ಸಾಲಲ್ವಾ!" ಗವಿಸಿದ್ದಯ್ಯ ಎದ್ದ. "ಮೇಡಮ್ಮೋರೆ, ನಾನು ಪಿಲ್ಲರ್ ಎಬ್ಸಕ್ಕೆ ಸುರು ಮಾಡ್ದಾಗ ನೀವು ಉಟ್ಟಿರ್ನಿಲ್ಲ. ಅದ್ರ ಮ್ಯಾಕೆ ಇನ್ನೆರಡು ಮನೆ ಕೂರ್ಸಿ, ಅಳ್ಳಾಡಿದ್ರೆ ಮೀಸೆ ಬೋಳಿಸ್ಕತೀನಿ."

"ಭಾರ ಹೊರುತ್ತೆ ಮೇಸ್ತ್ರಿ. ಅದರ ಮಾತಲ್ಲ. ನೆಲ ಅಲುಗಿದರೆ."

"ನಮ್ಮೂರ್ಗೆ ಭೂಕಂಪ ಎಲ್ಲಿಂದ ಬತ್ತದೆ? ಕ್ವಾರಿ ಮದ್ದು ಸಿಡುಸ್ದಾಗ ತಟ್ಟೆ ಒಸಿ ಗಲಗಲ ಅಂತಾವೆ, ಅಷ್ಟೇಯ."

ಸಿಮೆಂಟು ಚೀಲದ ಮೇಲೆ ಕೂತಿದ್ದ ಚಿನ್ನಮ್ಮ, ಬಾಂಡಲಿ ಹೊರುವ ಹೆಂಗಸರಲ್ಲಿ ಹಿರಿಯಳು, "ಗವಿಯಣ್ಣ, ಆಯಮ್ಮ ಏನೋ ತಂದದೆ. ನೋಡಾದ್ರೂ ನೋಡು. ಮೀಸೆ ಆಮ್ಯಾಕೆ ಬೋಳಿಸ್ಕಬೌದು" ಎಂದಳು. ಹೆಂಗಸರು ನಕ್ಕರು.

ಹಿನಾ ಎರಡು ಕಂಬಿ ತುಂಡುಗಳನ್ನು ನೆಲದ ಮೇಲೆ ಅಡ್ಡ ಇಟ್ಟು, ಅವುಗಳ ಮೇಲೆ ಸೆಂಟ್ರಿಂಗ್ ಹಲಗೆಯೊಂದನ್ನು ಇಟ್ಟಳು. ಪೇಟದವನನ್ನೂ ಮಗು ಗೊಂಬೆಯನ್ನೂ ಒಂದು ಕಡೆ ನಿಲ್ಲಿಸಿದಳು. ಜೋಡಿಯನ್ನು ಇನ್ನೊಂದು ಕಡೆ.

"ಮೇಸ್ತ್ರಿ, ಹಲಗೆ ಅಲ್ಲಾಡಿಸಿ. ಮೆಲ್ಲಗೆ."

"ನನ್ನ ಕೈಲಿ ಆಟ ಆಡುಸ್ತೀರಲ್ಲ" ಎನ್ನುತ್ತಾ ಗವಿಸಿದ್ದಯ್ಯ ಕುಕ್ಕರುಗಾಲಲ್ಲಿ ಕೂತು ಹಲಗೆಯನ್ನು ಹಿಂದೆ ಮುಂದೆ ಆಡಿಸಿದ. ಪೇಟದವನು ನಿಧಾನವಾಗಿ ತೂಗಿದ. ಮಗು ದಡಬಡಿಸಿತು. ಜೋಡಿ ಮೂರು ಸಲ ಒಟ್ಟಿಗೇ ಬಗ್ಗಿ, ನಾಲ್ಕನೆಯ ಸಲಕ್ಕೆ ಮಣೆಸಮೇತ ಮಗುಚಿಕೊಂಡಿತು.

ಗವಿಸಿದ್ದಯ್ಯ ಅದನ್ನು ಎತ್ತಿ ನಿಲ್ಲಿಸಿ ಮತ್ತೆ ಆಡಿಸಿದ. ಮತ್ತೆ ಬಿತ್ತು. ಮೂರನೆಯ ಸಲ ಇನ್ನೂ ಮೆಲ್ಲಗೆ ಆಡಿಸಿದ. ಬಿತ್ತು. ಅವನ ಮುಖದ ನಗು ಎಲ್ಲಿಗೋ ಹೋಗಿತ್ತು.

"ಮನೆ ಹೀಗೆ ಅಡ್ಡಕ್ಕೆ ತೂಗುತ್ತೆ, ಇನ್ನೊಂದು ಸಲ ಹೀಗೆ ತಿರುಚುತ್ತೆ" ಹಿನಾ ಎರಡು ಕೈಯಲ್ಲಿ ತೋರಿಸಿದಳು. "ಬೇರೆ ಬೇರೆ ಹೊತ್ತಲ್ಲಿ ಆದರೆ, ಒಂದು ಮೂರು, ಒಂದು ನಾಲ್ಕು ಇದ್ದರೂ ಪಿಲ್ಲರ್‌ಗೆ ತಟ್ಟೋದು ಐದೇ. ನಾನು ಐದು ಅಂತ ಬರೆದೆ. ಟ್ಯಾಂಕ್ ಮೂಲೆಗೆ ಹೋದ ಮೇಲೆ ಎರಡೂ ಜೋಡಿ ಆಗಿಬಿಟ್ಟಿವೆ. ಈಗ ಅದು ಏಳರ ಹತ್ತಿರ. ಆ ಮೂಲೇಲಿ ಪಿಲ್ಲರ್ ಬೇರೆ ಸಣ್ಣದು ಮಾಡಿದೀವಿ."

ಉಮಾಮಹೇಶ್ವರಿ ಸೌಟು ಹಿಡಿದುಕೊಂಡೇ ಹತ್ತಿರ ಬಂದಳು. "ಟ್ಯಾಂಕ್ನ ಮೊದ್ಲಿದ್ದ ಜಾಗಕ್ಕೇ ಆಕುದ್ರೆ?"

"ಎಲ್ಲಿ ಆಕದು?" ಗವಿಸಿದ್ದಯ್ಯನೇ ಹೇಳಿದ. "ಮೆಟ್ಲು ಮ್ಯಾಕೆ ಬೆಳಕಿಗೆ ಅಂತ ಬಯಲು ಬುಟ್ಟಿವ್ನಿ. ಅಲ್ಲಿ ಗೋಡೇನೇ ಇಲ್ಲ ಈಗ."

"ಪಿಲ್ಲರ್ ಬುಡದಿಂದ ತುದಿವರೆಗೂ ಸುತ್ತ ಕಂಬಿ ಕಟ್ಟಿ, ದಪ್ಪ ಮಾಡಬೇಕು. ಪಾಯಾನೂ ಬಿಚ್ಚಿ ನೋಡಬೇಕು" ಎಂದಳು ಹಿನಾ. "ಅದು ಮುಗಿಯೋವರೆಗೂ ಮೇಲಿನ ಮೋಲ್ಡ್ ಬೇಡ. ಮೂರು ವಾರ ಹಿಡಿಯುತ್ತೆ."

"ಅಂದ್ರೆ ಈಶಾನ್ಯ ಭಾರ ಆಯ್ತದೆ."

"ಆಗುತ್ತೆ."

ಎಸರು ಕುದಿಯುವ ಸದ್ದು ಕೇಳುತ್ತಿತ್ತು. ಉಮಾಮಹೇಶ್ವರಿ ತಲೆಯೆತ್ತಿ ಆ ಮೂಲೆಯ ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಗುದ್ದಲಿಪೂಜೆಯ ದಿನ ಅವಳು ಮೊದಲ ಹಿಡಿ ಮಣ್ಣು ತೆಗೆದದ್ದೂ ಅದೇ ಮೂಲೆಯಲ್ಲಿ.

"ಇದು ಯಾವಾಗ ಗೊತ್ತಾಯ್ತು ನಿಂಗೆ?"

"ನಿನ್ನೆ ಸಂಜೆ."

"ಏಳ್ದೆ ಇದ್ದಿದ್ರೆ ಯಾರ್ಗಾರಾ ತಿಳೀತಿತ್ತಾ?"

ಹಿನಾ ಯೋಚಿಸಿದಳು. "ಇಲ್ಲ ಆಂಟಿ."

ಉಮಾಮಹೇಶ್ವರಿ ಅವಳ ಮುಖವನ್ನೇ ನೋಡಿದಳು, ಅನ್ನದ ಅಗುಳನ್ನು ಬೆರಳಲ್ಲಿ ಒತ್ತಿ ನೋಡುವ ಹಾಗೆ. "ಟ್ಯಾಂಕ್ನ ಮೂಲೆಗೆ ಇಡಬೌದಾ ಅಂತ ಕೇಳ್ದಾಗ, ಇಡಬೌದು ಬುಡಿ ಆಂಟಿ ಅಂದ್ಬುಟ್ಟೆ ನೀನು. ನಾನು ನಿನ್ನ ಮಾತಿನ ಮ್ಯಾಲೆ ನಲವತ್ತು ಮಂಚ ಮಾಡಕ್ಕೇಳಿವ್ನಿ."

"ಹೌದು."

"ಕ್ವಾಪ ಮಾಡ್ಕಬ್ಯಾಡ ಮಗ. ಇನ್ನು ನಿನ್ನ ನಕ್ಷೆನ ಇನ್ನೊಬ್ರು ಇಂಜಿನೀರ್ ಕೈಲೂ ನೋಡುಸ್ತೀನಿ. ರಾಮನಗರದಲ್ಲಿ ವಯಸ್ಸಾದೋರೊಬ್ರು ಅವ್ರೆ."

ಈ ಮಾತನ್ನು ತಾನೇ ಮೊದಲು ಆಡಬೇಕಿತ್ತೆಂದು ಹಿನಾಗೆ ಅನ್ನಿಸಿತು. "ನೋಡಿಸಿ. ಲೆಕ್ಕ ಎಲ್ಲ ನಾನೇ ಅವರಿಗೆ ಕೊಡ್ತೀನಿ."

"ಭಾವೋರ್ಗೆ ಏನಂತ ಏಳ್ತೀರಾ ಅಕ್ಕೋರೆ?" ಗವಿಸಿದ್ದಯ್ಯ ಮೆಲ್ಲಗೆ ಕೇಳಿದ. "ಈಶಾನ್ಯ ಭಾರ ಮಾಡುದ್ರೆ ಮಾಗಡಿಯಿಂದ ನಡ್ಕಂಡೇ ಬಂದ್ಬುಟ್ಟಾರು."

"ಬರ್ಲಿ. ಕೇಸರಿಬಾತು ಇಕ್ತೀನಿ." ಉಮಾಮಹೇಶ್ವರಿ ಒಲೆಯ ಕಡೆ ತಿರುಗಿದಳು. "ಆ ಮೂಲೇಲಿ ಅವ್ರೇನು ಮಂಚ ಆಕ್ಕಂಡು ಮನಿಕತಾರಾ? ಮನಿಕಳ್ಳೋವು ಎಣ್ಮಕ್ಕಳು."

ಒಂದೆರಡು ಹೆಜ್ಜೆ ಹೋಗಿ ನಿಂತಳು. "ಮೇಸ್ತ್ರಿ, ಮಿಶಿನ್ ಕಳ್ಸು. ಆಳು ಕಳುಸ್ಬ್ಯಾಡ. ಬಂದೋರು ಉಂಡ್ಕಂಡೇ ಓಗ್ಲಿ."

ಹೀಗೆ ಮೋಲ್ಡ್ ಇಲ್ಲದ ಮೋಲ್ಡ್ ಊಟವಾಯಿತು. ಚಿನ್ನಮ್ಮ, "ಬಾಂಡ್ಲಿ ಎತ್ದೆ ಉಂಡಿದ್ದು ಇದೇ ಮೊದ್ಲು ಕಣವ್ವ. ದಿನಾ ಒಂದು ಲೆಕ್ಕ ತಪ್ಪು ಮಾಡು" ಎಂದು ಹಿನಾಳ ಎಲೆಗೆ ತನ್ನ ಎಲೆಯಿಂದ ಒಂದು ಗೋಡಂಬಿ ದಾಟಿಸಿದಳು. ಹಿನಾಗೆ ನಗುವೂ ಬಂತು, ಕಣ್ಣೂ ತುಂಬಿತು. ಗೋಡಂಬಿಯನ್ನು ಬಾಯಿಗೆ ಹಾಕಿಕೊಂಡಳು.

ಮಧ್ಯಾಹ್ನದಿಂದಲೇ ಗವಿಸಿದ್ದಯ್ಯ ಈಶಾನ್ಯದ ಕಂಬದ ಬುಡ ಬಿಚ್ಚಿಸಿದ. ಕಂಬದ ಮೈಯನ್ನು ಉಳಿಯಿಂದ ತಾನೇ ಕೂತು ಕೆತ್ತಿ ಒರಟು ಮಾಡಿದ. ಅದನ್ನು ಆಳುಗಳ ಕೈಗೆ ಕೊಡಲಿಲ್ಲ. "ಪಿಲ್ಲರ್‌ಗೆ ಸ್ವೆಟ್ರು ತೊಡುಸ್ತಾ ಅವ್ನಿ. ಈ ವಯಸ್ನಲ್ಲಿ ಇದೊಂದು ಬಾಕಿ ಇತ್ತು" ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದ. ಆದರೆ ಕಂಬಿಯ ರಿಂಗುಗಳನ್ನು ಹಿನಾ ಬರೆದುಕೊಟ್ಟದ್ದಕ್ಕಿಂತ ಒಂದು ಬೆರಳು ಒತ್ತಾಗಿಯೇ ಕಟ್ಟಿದ.

ರಾಮನಗರದ ಹಿರಿಯ ಇಂಜಿನಿಯರ್ ಎರಡು ದಿನ ಕಾಗದಗಳನ್ನು ಇಟ್ಟುಕೊಂಡರು. ದಪ್ಪಗಾದ ಕಂಬದೊಡನೆ ಮತ್ತೆ ತಾಳ ತೆಗೆದು ನೋಡಲು ಹೇಳಿದರು. ಹಿನಾ ಅದನ್ನು ಆಗಲೇ ನೋಡಿದ್ದಳು, ಹೊಸ ಲೆಕ್ಕಕ್ಕೂ ಕಂಬ ಪಾಸಾಗಿತ್ತು; ತೋರಿಸಿದಳು. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಅವಳ ಸಹಿಯ ಕೆಳಗೆ ತಮ್ಮದನ್ನು ಹಾಕಿದರು. ಈ ನಡುವೆ ಊರಲ್ಲಿ ಸುದ್ದಿ ಓಡಾಡದೆ ಇರಲಿಲ್ಲ. ಕನಕಪುರ ರಸ್ತೆಯಲ್ಲಿ ಮನೆ ಕಟ್ಟಿಸಬೇಕೆಂದು ಹಿನಾಳ ಹತ್ತಿರ ಮಾತಾಡಿ ಹೋಗಿದ್ದವರೊಬ್ಬರು ತಿರುಗಿ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಸೋಮವಾರ ಮಿಶಿನ್ ಮತ್ತೆ ಬಂತು. ಮಾಗಡಿಯ ಭಾವನೂ ಬಂದಿದ್ದರು. ದಪ್ಪಗಾದ ಕಂಬವನ್ನು ಒಂದು ಸುತ್ತು ಬಂದು, ಏನೋ ಹೇಳಲು ಬಾಯಿ ತೆರೆದು, ಉಮಾಮಹೇಶ್ವರಿಯ ಮುಖ ನೋಡಿ, ಕುರ್ಚಿ ಎಲ್ಲಿದೆ ಎಂದು ಕೇಳಿದರು.

ಪೂಜೆಗೆಂದು ಅದೇ ಕಂಬದ ಬುಡ ತೊಳೆದು ರಂಗೋಲಿ ಇಟ್ಟಿದ್ದರು. ಅರಿಶಿನ, ಕುಂಕುಮ, ಒಂದು ಹಿಡಿ ಸೇವಂತಿಗೆ. ಹಿನಾ ಪೆಟ್ಟಿಗೆಯಿಂದ ಜೋಡಿ ಗೊಂಬೆ ತೆಗೆದು ಉಮಾಮಹೇಶ್ವರಿಯ ಕೈಗೆ ಕೊಟ್ಟಳು. "ದಾದಿ ಕಳಿಸಿದಾಳೆ. ಸರಿ ಮಾಡಿಕೊಟ್ಟಿದಾಳೆ."

ಹೆಣ್ಣಿನ ಕೆನ್ನೆಯ ಮೇಲೆ ಹೊಸ ಅರಗಿನ ಚುಕ್ಕೆ ಹಳೆಯದಕ್ಕಿಂತ ಒಂದಿಷ್ಟು ಕೆಂಪಗಿತ್ತು. ಉಮಾಮಹೇಶ್ವರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ರಂಗೋಲಿಯ ಪಕ್ಕದಲ್ಲಿ, ಕಂಬಕ್ಕೆ ಒರಗದ ಹಾಗೆ ಇಟ್ಟಳು. ಚಿನ್ನಮ್ಮ ಬಂದು ಎರಡರ ಹಣೆಗೂ ಕುಂಕುಮ ಹಚ್ಚಿ ಹೋದಳು.

ಮಿಶಿನ್ ಗುಡುಗಿತು. ಬಾಂಡಲಿಗಳು ಕೈಯಿಂದ ಕೈಗೆ ಮೇಲೇರತೊಡಗಿದವು. ನೆಲ ಅದುರುತ್ತಿತ್ತು. ಗೊಂಬೆಗಳು ತಲೆಯಾಡಿಸಿದವು. ಗಂಡಿನದು ನಿಧಾನ, ಹೆಣ್ಣಿನದು ಚುರುಕು. ಒಂದು ಬಗ್ಗಿದಾಗ ಇನ್ನೊಂದು ಎದ್ದಿತ್ತು. ಮಣೆ ಇಟ್ಟಲ್ಲೇ ಇತ್ತು.

ಕೊನೆಯ ಬಾಂಡಲಿ ಹೋಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ನೀರು ಹಾಕಿ ತೊಳೆಯಲು ಮಿಶಿನ್ ಇನ್ನೂ ತಿರುಗುತ್ತಿತ್ತು. ಆಳುಗಳು ಕೈಕಾಲು ತೊಳೆದು ಎಲೆಯ ಮುಂದೆ ಕೂತಾಗ ಅದು ನಿಂತಿತು. "ಅಕ್ಕೋರೆ, ಬಡ್ಸಿ" ಎಂದ ಗವಿಸಿದ್ದಯ್ಯ. ಉಮಾಮಹೇಶ್ವರಿ ಸೌಟು ಹಿಡಿದು ಕಂಬದ ಬುಡವನ್ನೇ ನೋಡುತ್ತಾ ನಿಂತಿದ್ದಳು. ಮೊದಲು ಹೆಣ್ಣಿನ ತಲೆ ನಿಂತಿತು. ಸ್ವಲ್ಪ ಹೊತ್ತಿಗೆ ಗಂಡಿನದು. ಆಮೇಲೆ ಅವಳು ಬಡಿಸಲು ಬಗ್ಗಿದಳು.